ಅಮೆರಿಕದಲ್ಲಿ ಮನೆಗೆ ನೂರಕ್ಕೆ 33, ಭಾರತದಲ್ಲಿ ಆರೂವರೆ: ಇದನ್ನ ನಂಬೋದು ಹೇಗೆ?

ಎರಡನೇಮಹಡಿ (ಪ್ರಶ್ನೆ):

ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಈ ವಾರ ಪೂರ್ತಿ ಇದೇ ಜಗಳ. ನ್ಯೂಜೆರ್ಸಿಯಲ್ಲಿರೋ ನಮ್ಮ ಭಾವ ಒಂದು ಚಾರ್ಟ್ ಹಾಕಿದಾರೆ. ಸಂಸಾರಗಳು ಮಾಡೋ ಒಟ್ಟು ಖರ್ಚಲ್ಲಿ ಮನೆಗೆ ಹೋಗೋದು ಅಮೆರಿಕದಲ್ಲಿ ನೂರಕ್ಕೆ 33, ಯೂರೋಪಲ್ಲಿ ಹೆಚ್ಚುಕಡಿಮೆ ಕಾಲು ಭಾಗ, ಭಾರತದ ನಗರಗಳಲ್ಲಿ ಬರೀ ಆರೂವರೆ. ಅದರ ಕೆಳಗೆ "ನೀವೆಲ್ಲ ಪುಣ್ಯ ಮಾಡಿದ್ರಿ" ಅಂತ ಒಂದು ಕೈಮುಗಿಯೋ ಇಮೋಜಿ ಬೇರೆ.

ಪುಣ್ಯವಂತರ ಲೆಕ್ಕ ಹೇಳ್ತೀನಿ ಕೇಳಿ. ವಿಜಯನಗರದಲ್ಲಿ ಟೂ ಬಿಎಚ್‌ಕೆ. ಬಾಡಿಗೆ 21,000. ಮೇಂಟೆನೆನ್ಸ್ ಅಂತ 1,500, ಅದರಲ್ಲಿ ಮೆಟ್ಟಿಲು ಗುಡಿಸೋದು, ಮೋಟರ್, ಕಾವೇರಿ ನೀರು ಎಲ್ಲ ಸೇರಿದೆ ಅಂತಾರೆ ಓನರ್ ಆಂಟಿ. ಆದ್ರೆ ಮಾರ್ಚ್ ಬಂತು ಅಂದ್ರೆ ಟ್ಯಾಂಕರ್ ದುಡ್ಡು ಬೇರೆ, ಅದನ್ನ ಮೂರು ಮನೆಯೋರು ಹಂಚ್ಕೋಬೇಕು. ಸಿಲಿಂಡರ್ ಇದೆ. ಕರೆಂಟ್ ಮಾತ್ರ ಗೃಹಜ್ಯೋತಿಯಿಂದ ಹೆಚ್ಚಿನ ತಿಂಗಳು ಸೊನ್ನೆ. ಎಲ್ಲ ಸೇರಿ 24,000 ದಾಟುತ್ತೆ. ಇಬ್ಬರೂ ದುಡಿದು ಕೈಗೆ ಬರೋದು 86,000. ಅಡ್ವಾನ್ಸ್ ಕೊಟ್ಟ ಎರಡು ಲಕ್ಷ ಓನರ್ ಹತ್ರ ತಣ್ಣಗೆ ಕೂತಿದೆ.

ಇದರಲ್ಲಿ ಆರೂವರೆ ಎಲ್ಲಿದೆ? ನಾವೇ ಜಾಸ್ತಿ ಕೊಡ್ತಿದ್ದೀವೋ ಅಥವಾ ಈ ಚಾರ್ಟೇ ಬುರುಡೆನೋ? ಗೊತ್ತಿರೋರು ಬಿಡಿಸಿ ಹೇಳಿ. ಭಾವನಿಗೆ ಉತ್ತರ ಕೊಡ್ಲೇಬೇಕು.

---

ತಿಪಟೂರು ಕೊಬ್ಬರಿ:

ಊರಿಗೆ ಬಂದ್ಬಿಡಿ ಅಕ್ಕ. ತಾತ ಕಟ್ಟಿಸಿದ ಮನೆ, ಬಾಡಿಗೆ ಸೊನ್ನೆ, ನೀರು ಬೋರ್‌ವೆಲ್‌ದು. ಹೋದ ವರ್ಷ ಮಂಗಳೂರು ಹೆಂಚು ತೆಗೆಸಿ ಶೀಟ್ ಹಾಕಿಸಿದ್ದು ಬಿಟ್ರೆ ಮನೆಗೆ ಅಂತ ಖರ್ಚೇ ಇಲ್ಲ. ಅಮೆರಿಕದೋರು ನಮ್ಮನ್ನ ನೋಡಿ ಕಲೀಬೇಕು.

---

ಫಾರಂ ತುಂಬಿದವ:

ನೋಡಮ್ಮ, ಭಾವನವರ ಚಾರ್ಟಿನ ಅಂಕಿಗಳು ಸುಳ್ಳಲ್ಲ. ಜೊತೆಗೆ ನಿಲ್ಲಿಸಬಾರದ ಮೂರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದ್ದಾರೆ, ಅಷ್ಟೇ.

ನಾನು ಕೇಂದ್ರ ಸರ್ಕಾರದ ಮಾದರಿ ಸಮೀಕ್ಷೆಗೆ ಮನೆಮನೆ ಅಲೆದವನು. 2011-12ರ 68ನೇ ಸುತ್ತು ನನ್ನ ಕೊನೆಯ ಕುಟುಂಬ ವೆಚ್ಚದ ಸಮೀಕ್ಷೆ. ಆಗ ಕಾಗದದ ಫಾರಂ, ಈಗಿನ ಹುಡುಗರ ಕೈಯಲ್ಲಿ ಟ್ಯಾಬ್. ಅಕ್ಕಿ ಎಷ್ಟು, ಬೇಳೆ ಎಷ್ಟು, ಬೀಡಿ ಎಷ್ಟು ಎಂದು ಕೇಳುತ್ತ ಕೇಳುತ್ತ ಬಾಡಿಗೆಯ ಸಾಲಿಗೆ ಬರುತ್ತೇವೆ. ಪ್ರಶ್ನೆ ಇಷ್ಟೇ: ಕಳೆದ 30 ದಿನದಲ್ಲಿ ಬಾಡಿಗೆ ಎಂದು ಎಷ್ಟು ಕೊಟ್ಟಿರಿ? ಚಾಮರಾಜಪೇಟೆಯಲ್ಲಿ ಒಂದು ಹಳೇ ತೊಟ್ಟಿಮನೆ, ಮಾರಿದರೆ ಕೋಟಿಗಟ್ಟಲೆ. ಒಳಗೆ ಪಿಂಚಣಿಯಲ್ಲಿ ಬದುಕುವ ಗಂಡ ಹೆಂಡತಿ. ಕಾಫಿ ಕೊಟ್ಟು, "ಬಾಡಿಗೆನಾ? ನಮ್ದೇ ಮನೆ ಅಲ್ವೇನಪ್ಪಾ" ಎಂದರು. ಆ ಸಾಲು ಖಾಲಿ. ಪಕ್ಕದ ಔಟ್‌ಹೌಸಿನಲ್ಲಿ ಟೈಲರ್ ಒಬ್ಬರು, ಅವರು ಕೊಡುತ್ತಿದ್ದದ್ದು 3,500. ಆ ಸಾಲು ತುಂಬಿತು. ಇಬ್ಬರದ್ದೂ ಕೂಡಿಸಿ ಸರಾಸರಿ ತೆಗೆದರೆ ಏನು ಬಂದೀತು?

ಆರೂವರೆ ಹುಟ್ಟುವುದು ಹೀಗೆ. 2022-23ರ ಸಮೀಕ್ಷೆಯಲ್ಲಿ ನಗರದಲ್ಲಿ ತಲಾ ತಿಂಗಳ ವೆಚ್ಚ 6,459 ರೂಪಾಯಿ, ಅದರಲ್ಲಿ ಬಾಡಿಗೆ ಶೇ. 6.5ರ ಆಸುಪಾಸು. ಮರುವರ್ಷ ತಲಾ ವೆಚ್ಚ 6,996 ಆಯಿತು, ಬಾಡಿಗೆಯ ಪಾಲು ಅಲ್ಲೇ ನಿಂತಿತು. ಹಳ್ಳಿಯಲ್ಲಿ ಅದು ಶೇ. 1 ಕೂಡ ಇಲ್ಲ. ಇದು ಬಾಡಿಗೆದಾರರ ಸರಾಸರಿ ಅಲ್ಲ, ಎಲ್ಲರ ಸರಾಸರಿ. 2011ರ ಜನಗಣತಿಯಲ್ಲಿ ನಗರದ ಮನೆಗಳಲ್ಲಿ ಶೇ. 69.2 ಸ್ವಂತದ್ದು, ಶೇ. 27.5 ಬಾಡಿಗೆಯದ್ದು. ಆರೂವರೆಯ ಭಾರವನ್ನೆಲ್ಲ ಹೊರುತ್ತಿರುವುದು ಆ ಇಪ್ಪತ್ತೇಳೂವರೆ ಮನೆಗಳೇ. ಭಾಗಿಸಿ ನೋಡಿ, ಒಂದೊಂದು ಬಾಡಿಗೆ ಮನೆಯ ಖರ್ಚಿನಲ್ಲಿ ಶೇ. 23-24 ಬರುತ್ತದೆ. ವರ್ಷ ಬೇರೆ ಬೇರೆ, ಬಾಡಿಗೆದಾರರ ಖರ್ಚೂ ಸ್ವಂತ ಮನೆಯವರ ಖರ್ಚೂ ಒಂದೇ ಅಲ್ಲ, ಹಾಗಾಗಿ ಇದು ಸ್ಥೂಲ ಅಂದಾಜು. ಆದರೂ ನಿಮ್ಮ ಮನೆಯ ಲೆಕ್ಕ ಎಲ್ಲಿ ಬೀಳುತ್ತದೆ ಎಂದು ಗೊತ್ತಾಯಿತಲ್ಲ.

ಇನ್ನೂ ಒಂದು ತಮಾಷೆ ಇದೆ. ಇದೇ ಸರ್ಕಾರ ಹಣದುಬ್ಬರ ಅಳೆಯುವ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ, 2012ನ್ನು ಆಧಾರ ವರ್ಷವಾಗಿ ಇಟ್ಟುಕೊಂಡ ಸರಣಿಯಲ್ಲಿ, ನಗರದ ವಸತಿಗೆ ಕೊಟ್ಟ ತೂಕ, ಅಂದರೆ ಒಟ್ಟು ಖರ್ಚಿನಲ್ಲಿ ಅದಕ್ಕೆ ಇಟ್ಟ ಪಾಲು, ನೂರಕ್ಕೆ 21.67. ಒಂದು ಕಡೆ ಆರೂವರೆ, ಇನ್ನೊಂದು ಕಡೆ ಇಪ್ಪತ್ತೊಂದೂವರೆಯ ಮೇಲೆ. ಕಾರಣ ಏನೆಂದರೆ ಎರಡನೆಯದರಲ್ಲಿ ಸ್ವಂತ ಮನೆಯವರು ತಮಗೆ ತಾವೇ ಬಾಡಿಗೆ ಕೊಟ್ಟುಕೊಳ್ಳುತ್ತಾರೆ ಎಂದು ಲೆಕ್ಕ ಕಟ್ಟುತ್ತಾರೆ. ಚಾಮರಾಜಪೇಟೆಯ ದಂಪತಿಯ ಖಾಲಿ ಸಾಲು ಅಲ್ಲಿ ತುಂಬುತ್ತದೆ.

ತಿಪಟೂರಿನವರೇ, ನಿಮ್ಮ ಮನೆಗೂ ಅದೇ ಪ್ರಶ್ನೆ: ಬಾಡಿಗೆಗೆ ಕೊಟ್ಟರೆ ಎಷ್ಟು ಬರುತ್ತದೆ?

---

ತಿಪಟೂರು ಕೊಬ್ಬರಿ:

ಯಾರ್ ಬರ್ತಾರೆ ಸಾರ್ ನಮ್ಮೂರಿಗೆ ಬಾಡಿಗೆಗೆ? ಟೌನಲ್ಲಲ್ಲ ಮನೆ, ಒಳಗಡೆ ಹಳ್ಳೀಲಿ. ಊರಲ್ಲಿ ಬಾಡಿಗೆಗೆ ಇದ್ದಿದ್ದು ಪ್ರೈಮರಿ ಸ್ಕೂಲ್ ಮೇಷ್ಟ್ರು ಒಬ್ರೇ, ಅವರೂ ಬೈಕ್ ತಗೊಂಡು ಈಗ ಟೌನಿಂದ ಓಡಾಡ್ತಾರೆ.

---

ಫಾರಂ ತುಂಬಿದವ:

ಭಲೇ. ಆ 2012ರ ಸರಣಿಯಲ್ಲಿ ಹಳ್ಳಿಯ ವಸತಿಗೆ ತೂಕವನ್ನೇ ಕೊಟ್ಟಿರಲಿಲ್ಲ. ಬಾಡಿಗೆಯ ಮಾರುಕಟ್ಟೆಯೇ ಇಲ್ಲದ ಕಡೆ ಬೆಲೆ ಎಲ್ಲಿಂದ ತರುತ್ತೀರಿ? ನೀವು ಮೇಷ್ಟ್ರ ಕಥೆಯಲ್ಲಿ ಹೇಳಿದ್ದು ಅದನ್ನೇ.

---

ಕೆಂಗೇರಿ ಇಎಂಐ:

ಸಾರ್, ನಮ್ಮದು ಸ್ವಂತ ಫ್ಲಾಟ್, ಹೋಮ್‌ಲೋನ್ ಕಂತು 38,000. ನಾವು ಎಲ್ಲಿ ಬರ್ತೀವಿ? ನಿಮ್ಮ ಫಾರಂ ಪ್ರಕಾರ ನಾವೂ ಸೊನ್ನೆನಾ?

---

ಫಾರಂ ತುಂಬಿದವ:

ಬಾಡಿಗೆಯ ಸಾಲಿನಲ್ಲಿ ಸೊನ್ನೆಯೇ. ಮನೆ ಕೊಳ್ಳುವುದು ಆಸ್ತಿ ಮಾಡಿಕೊಂಡಂತೆ, ತಿಂದು ಉಟ್ಟು ಮುಗಿಸಿದ ಖರ್ಚಲ್ಲ ಎನ್ನುವುದು ಲೆಕ್ಕದವರ ವಾದ. ಅಮೆರಿಕದ ಗ್ರಾಹಕ ವೆಚ್ಚ ಸಮೀಕ್ಷೆಯಲ್ಲಿ ಕಂತಿನ ಬಡ್ಡಿ ಮಾತ್ರ ಮನೆಯ ಖರ್ಚಿಗೆ ಸೇರುತ್ತದೆ, ಅಸಲು ಸೇರುವುದಿಲ್ಲ. ಹೊಸದಾಗಿ ಸಾಲ ಮಾಡಿದವರ ಕಂತಿನಲ್ಲಿ ಬಡ್ಡಿಯೇ ದಪ್ಪ, ಆಮೇಲಾಮೇಲೆ ಅಸಲು. ಅಂದರೆ ಪ್ರತಿ ತಿಂಗಳೂ ನಿಮ್ಮ ಖಾತೆಯಿಂದ ಹೋಗುವುದು ಅದೇ 38,000, ಅವರ ಪುಸ್ತಕದಲ್ಲಿ ಮಾತ್ರ ವರ್ಷ ವರ್ಷ ನಿಮ್ಮ ಮನೆ ಅಗ್ಗ ಆಗುತ್ತ ಹೋಗುತ್ತದೆ.

ಆ 33ರ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. 2023ರಲ್ಲಿ ಅಲ್ಲಿ ಒಂದು ಕುಟುಂಬದ ಸರಾಸರಿ ವಾರ್ಷಿಕ ವೆಚ್ಚ 77,280 ಡಾಲರ್, "ಹೌಸಿಂಗ್" ತಲೆಬರಹದಲ್ಲಿ 25,436. ಆ ತಲೆಬರಹದ ಕೆಳಗೆ ಏನೇನಿದೆ ಎಂದು ಭಾವನವರನ್ನು ಕೇಳಿ. ಬಾಡಿಗೆ, ಸಾಲದ ಬಡ್ಡಿ, ಮನೆ ಕಂದಾಯ, ರಿಪೇರಿ ಸರಿ. ಕರೆಂಟು, ಗ್ಯಾಸು, ನೀರು, ಫೋನೂ ಇದೆ. ಸೋಫಾ, ಮಂಚ, ಫ್ರಿಜ್ಜು, ಬಟ್ಟೆ ಒಗೆಯುವ ಸೋಪಿನ ಪುಡಿ, ಮಗು ನೋಡಿಕೊಳ್ಳುವವರ ಸಂಬಳ, ಅಂಚೆಚೀಟಿ ತನಕ ಅದರೊಳಗೇ ಇದೆ. ಬರೀ ಸೂರಿನದ್ದು ತೆಗೆದರೆ ಒಟ್ಟು ಖರ್ಚಿನ ಐದನೇ ಒಂದು ಪಾಲಿನ ಹತ್ತಿರ ಬರುತ್ತದೆ. ನಮ್ಮಲ್ಲಿ ಸಿಲಿಂಡರು, ಕರೆಂಟು ಬೇರೆಯೇ ಗುಂಪು. ಸೋಫಾ ಇನ್ನೊಂದು ಗುಂಪು.

ಯೂರೋಪಿನ ಕಾಲು ಭಾಗದಲ್ಲಿ ನೀರು, ಕರೆಂಟು, ಗ್ಯಾಸು, ಜೊತೆಗೆ ಸ್ವಂತ ಮನೆಯವರ ಆ ಕಾಲ್ಪನಿಕ ಬಾಡಿಗೆಯೂ ಇದೆ. ಮಜಾ ನೋಡಿ, ಅದೇ ಯೂರೋಪಿನ ಹಣದುಬ್ಬರದ ಸೂಚ್ಯಂಕದಲ್ಲಿ ಆ ಕಾಲ್ಪನಿಕ ಬಾಡಿಗೆ ಇಲ್ಲ. ಅಮೆರಿಕದವರು 1983ರಿಂದ ತಮ್ಮ ಸೂಚ್ಯಂಕದಲ್ಲಿ ಅದನ್ನು ಇಟ್ಟುಕೊಂಡಿದ್ದಾರೆ.

---

ಗೋಕಾಕ ಕರದಂಟು:

ಅಕ್ಕಾರ, ನಾ ಜರ್ಮನಿದ ಸ್ಟುಟ್‌ಗಾರ್ಟ್‌ದಾಗ ಇರ್ತೀನ್ರಿ. ಇಲ್ಲಿ ಬಾಡಿಗಿ ಅಂದ್ರ ಎರಡ ನಮೂನಿ. ಕಾಲ್ಟ್‌ಮೀಟೆ ಅಂದ್ರ ಬರೇ ಗ್ವಾಡಿ, ಮಾಳಗಿದ ರೊಕ್ಕ. ವಾರ್ಮ್‌ಮೀಟೆ ಅಂದ್ರ ಅದರ ಮ್ಯಾಲ ಹೀಟಿಂಗು, ನೀರು, ಕಸ ಒಯ್ಯೂದು ಎಲ್ಲಾ ಸೇರಿದ್ದು. ನಂದು ಕಾಲ್ಟ್ 950 ಯೂರೋ, ವಾರ್ಮ್ 1,200. ಕರೆಂಟ್ ಮತ್ತ ಬ್ಯಾರೇನ ಐತಿ, 70. ವರ್ಷಕ್ಕೊಮ್ಮಿ ಹೀಟಿಂಗ್ ಲೆಕ್ಕಾ ಬರತೈತಿ. ಚಳಿಗಾಲದಾಗ ಜಾಸ್ತಿ ಉರಿಸಿದ್ರ ಮತ್ತ ತುಂಬಬೇಕ್ರಿ.

ಪಗಾರದ ಕಥಿ ಕೇಳ್ರಿ. ಕಾಗದದ ಮ್ಯಾಲ 5,200. ಟ್ಯಾಕ್ಸು, ಪಿಂಚಣಿ, ಆರೋಗ್ಯ ವಿಮಾ ಎಲ್ಲಾ ಕಟ್ ಆಗಿ ಕೈಯಾಗ ಬರೂದು 3,300ರ ಅತ್ತಿತ್ತ. ನಾ ಇನ್ನೂ ಒಬ್ಬಾಂವನ ಅದೀನಿ, ಅದಕ್ಕ ಟ್ಯಾಕ್ಸ್ ಜಗ್ಗಿ ಹಿಡೀತಾರ. ಈಗ 1,270ನ್ನ 5,200ಕ್ಕ ಹೋಲಿಸಿದ್ರ ನೂರಕ್ಕ 24. ಕೈಗೆ ಬಂದ ರೊಕ್ಕಕ್ಕ ಹೋಲಿಸಿದ್ರ 38. ಮನಿ ಅದ, ಮನಶ್ಯಾ ಅವನ, ಪರ್ಸೆಂಟ್ ಎರಡು! ಇಲ್ಲಿ ಯೂರೋಪ್ ಒಕ್ಕೂಟದ ಅಂಕಿಅಂಶ ಕಚೇರಿ ಯೂರೋಸ್ಟ್ಯಾಟ್‌ನವರು ಕೈಗೆ ಬಂದ ಆದಾಯದಾಗ ನೂರಕ್ಕ 40ಕ್ಕಿಂತ ಜಾಸ್ತಿ ಮನಿಗೆ ಹೋದ್ರ "ಹೊರಿ ಜಾಸ್ತಿ ಆತು" ಅಂತ ಎಣಸ್ತಾರ. ಒಂದು ಚಳಿಗಾಲ ಗಟ್ಟಿ ಬಂದ್ರ ನಾನೂ ಆ ಲೆಕ್ಕದಾಗ ಹೋಗ್ತೀನಿ.

ಮತ್ತೊಂದು. ಮನಿ ತಗೊಂಡಾಗ ಒಳಗ ಹೋಗಿ ನೋಡಿದ್ರ ಅಡಗಿಮನಿ ಇಲ್ಲ! ಅಂದ್ರ ಖೋಲಿ ಐತಿ, ಒಲಿ ಇಲ್ಲ, ಕಟ್ಟಿ ಇಲ್ಲ, ಸಿಂಕ್ ಸುದ್ಧಾ ಇಲ್ಲ, ಗ್ವಾಡ್ಯಾಗಿಂದ ಎರಡು ನಳದ ಪೈಪು ಹೊರಗ ಮಾರಿ ಮಾಡಿ ನಿಂತಾವ. ಮೊದಲ ಇದ್ದಾಂವ ಕಿತ್ತಗೊಂಡ ಹೋಗಿದ್ದ. ಇಲ್ಲಿ ಇದು ಮಾಮೂಲಿ. ಹಳೇ ಅಡಗಿಮನಿ ಸಾಮಾನ ಕೊಂಡು ಹಾಕಿಸಾಕ 1,800 ಯೂರೋ ಹೋತು. ಯಾವ ಚಾರ್ಟಿನ ಯಾವ ಖಾನ್ಯಾಗ ಬರತೈತಿ ಅದು? ಫರ್ನಿಚರ್ ಅಂತಾರ.

ಡಿಪಾಜಿಟ್ ಮಾತ್ರ ಇಲ್ಲಿದು ಚಲೋ. ಕಾಲ್ಟ್‌ಮೀಟೆದ ಮೂರು ತಿಂಗಳಕಿಂತ ಜಾಸ್ತಿ ಇಸ್ಕೊಳ್ಳಾಕ ಕಾಯ್ದೆದಾಗ ಬರೂದಿಲ್ಲ, ಅದನ್ನೂ ಮೂರು ಕಂತಿನ್ಯಾಗ ಕೊಡಬಹುದು. ಮಾಲಕ ತನ್ನ ರೊಕ್ಕದಾಗ ಬೆರಸದ ಬ್ಯಾರೆ ಇಡಬೇಕು, ಬಡ್ಡಿ ನಮಗ ಸೇರತೈತಿ. ಬೆಂಗಳೂರಾಗ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಬಿಡೂ ಮುಂದ "ಪೇಂಟಿಂಗ್" ಅಂತ ಒಂದು ತಿಂಗಳ ಬಾಡಿಗಿ ಮುರಕೊಂಡಿದ್ದು ನೆನಪಾತು ಅಂದ್ರ ಇನ್ನೂ ಹೊಟ್ಟಿ ಉರೀತೈತಿ.

---

ಎರಡನೇಮಹಡಿ:

ಅಯ್ಯೋ, ಪೇಂಟಿಂಗ್ ದುಡ್ಡು ಮರೆತೇ ಬಿಟ್ಟಿದ್ದೆ. ಅದನ್ನೂ ಲೆಕ್ಕಕ್ಕೆ ಸೇರಿಸ್ಕೊಂಡೆ.

ಇನ್ನೊಂದು ಕೇಳ್ಬೇಕಿತ್ತು. ನಮ್ಮನೆ ಕೆಲಸಕ್ಕೆ ಬರೋ ಅಕ್ಕ ಮೂಡಲಪಾಳ್ಯದಲ್ಲಿ ಒಂದು ಶೀಟಿನ ಮನೇಲಿದಾರೆ. ಒಂದೇ ರೂಮು, ಬಚ್ಚಲು ನಾಲ್ಕು ಮನೆಗೂ ಒಂದೇ. ಬಾಡಿಗೆ 6,000. ಮೀಟರ್ ಇಡೀ ವಠಾರಕ್ಕೆ ಒಂದೇ ಇರೋದ್ರಿಂದ ಕರೆಂಟಿಗೆ ಅಂತ ಓನರ್ 500 ಬೇರೆ ತಗೋತಾರಂತೆ. ಅವರ ದುಡಿಮೆ, ಮಗಂದು ಸೇರಿ ತಿಂಗಳಿಗೆ 17,000. ಅಂದ್ರೆ ನೂರಕ್ಕೆ 38. ನಮಗಿಂತ ಅವರದ್ದೇ ಜಾಸ್ತಿ. ಭಾವ ಹೇಳ್ತಿದ್ರು ಅಮೆರಿಕದಲ್ಲಿ 30 ದಾಟಬಾರದು ಅಂತ ರೂಲ್ ಇದೆಯಂತೆ, ಹೌದಾ?

---

ಫಾರಂ ತುಂಬಿದವ:

ರೂಲು ಎನ್ನುವಷ್ಟು ದೊಡ್ಡದಲ್ಲ. 1969ರಲ್ಲಿ ಅಲ್ಲಿನ ಸರ್ಕಾರಿ ವಸತಿಗಳಲ್ಲಿ ಇರುವ ಬಡವರಿಂದ ಆದಾಯದ ಶೇ. 25ಕ್ಕಿಂತ ಹೆಚ್ಚು ಬಾಡಿಗೆ ತೆಗೆದುಕೊಳ್ಳಬಾರದು ಎಂದು ಒಂದು ತಿದ್ದುಪಡಿ ಬಂತು. 1981ರಲ್ಲಿ ಅದನ್ನು ಶೇ. 30ಕ್ಕೆ ಏರಿಸಿದರು. ಅಲ್ಲಿಂದ ಆ 30 ಎನ್ನುವುದು ಬ್ಯಾಂಕಿನವರ ಬಾಯಿಗೆ, ಪತ್ರಿಕೆಯವರ ಬಾಯಿಗೆ ಬಂದು ಈಗ ಎಲ್ಲರಿಗೂ ಮಂತ್ರವಾಗಿದೆ. ಬಡವರನ್ನು ಕಾಯಲು ಹಾಕಿದ ಮಿತಿ ಅದು. ಎರಡು ಲಕ್ಷ ಸಂಬಳದವನು ಶೇ. 40 ಕೊಟ್ಟರೂ ಉಳಿದದ್ದರಲ್ಲಿ ಸುಖವಾಗಿರುತ್ತಾನೆ. ಮೂಡಲಪಾಳ್ಯದ ಆ ತಾಯಿಗೆ ಉಳಿದ ಹತ್ತೂವರೆ ಸಾವಿರದಲ್ಲಿ ರೇಷನ್ನು, ಔಷಧಿ, ಬಸ್ಸು, ಎಲ್ಲ ಆಗಬೇಕು.

ಬಡವರಾದಷ್ಟೂ ಬಾಡಿಗೆಯ ಪಾಲು ಹೆಚ್ಚು ಎನ್ನುವುದನ್ನು ಬರ್ಲಿನ್ ನಗರದ ಅಂಕಿಅಂಶ ಕಚೇರಿಯ ಮುಖ್ಯಸ್ಥರಾಗಿದ್ದ ಹರ್ಮನ್ ಶ್ವಾಬೆ 1868ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ದೇಶದ ಸರಾಸರಿಯಲ್ಲಿ ಇದು ಕಾಣುವುದೇ ಇಲ್ಲ. ಭಾರತದ 6.5ರಲ್ಲಿ ಆಕೆಯೂ ಇದ್ದಾಳೆ, ಸದಾಶಿವನಗರದ ಬಂಗಲೆಯವನೂ ಇದ್ದಾನೆ, ಮತ್ತು ಬಾಡಿಗೆಯ ಸಾಲಿನಲ್ಲಿ ಸೊನ್ನೆ ಇರುವುದು ಅವನಿಗೆ.

---

ಸುವೊನ್ ಸಾರು:

ನಮಸ್ಕಾರ, ನಾನು ದಕ್ಷಿಣ ಕೊರಿಯಾದಲ್ಲಿದ್ದೀನಿ. ಇಲ್ಲಿನದ್ದು ಹೇಳದಿದ್ದರೆ ಈ ಚರ್ಚೆ ಪೂರ್ತಿ ಆಗಲ್ಲ, ಯಾಕಂದ್ರೆ ಇಲ್ಲಿ ಬೆಂಗಳೂರಿನ "ಲೀಸ್ ಮನೆ" ದೇಶದ ತುಂಬ ಇದೆ! ಚೊನ್ಸೆ ಅಂತಾರೆ. ಮನೆ ಬೆಲೆಯ ಅರ್ಧಕ್ಕಿಂತ ಹೆಚ್ಚು ದುಡ್ಡನ್ನ ಒಟ್ಟಿಗೆ ಓನರ್‌ಗೆ ಕೊಡ್ತೀರಿ, ಸಾಮಾನ್ಯವಾಗಿ ಎರಡು ವರ್ಷಕ್ಕೆ. ತಿಂಗಳ ಬಾಡಿಗೆ ಇಲ್ಲ. ಬಿಡುವಾಗ ಪೂರ್ತಿ ವಾಪಸ್, ಬಡ್ಡಿ ಇಲ್ಲ. ನಮ್ಮಪ್ಪ ಶ್ರೀರಾಮಪುರದಲ್ಲಿ ಭೋಗ್ಯಕ್ಕೆ ಹಾಕ್ಕೊಂಡಿದ್ದ ಮನೆಯ ಕರಾರೂ ಇದೇ ಥರ ಇತ್ತು. ಇಲ್ಲಿ ಬಂದು ಬ್ರೋಕರ್ ವಿವರಿಸೋಕೆ ಶುರು ಮಾಡಿದಾಗ ಅರ್ಧದಲ್ಲೇ ನಿಲ್ಲಿಸಿ "ಗೊತ್ತು ಬಿಡಿ" ಅಂದೆ, ಆತ ಬೆಚ್ಚಿಬಿದ್ದ.

ಪರ್ಸೆಂಟ್ ಲೆಕ್ಕಕ್ಕೆ ಬಂದರೆ, ಲೀಸ್ ಮನೆಯವರು ತಿಂಗಳ ಬಾಡಿಗೆಯ ಕಾಲಂನಲ್ಲಿ ಸೊನ್ನೆ. ಆದ್ರೆ ನಿಜವಾಗಿ ಸೊನ್ನೆನಾ? 12 ಲಕ್ಷ ಲೀಸಿಗೆ ಕೊಟ್ಟಿದ್ದೀರಿ ಅಂತಿಟ್ಕೊಳ್ಳಿ, ಎಫ್‌ಡಿಯಲ್ಲಿ ಶೇ. 7 ಸಿಕ್ಕಿದ್ರೆ ವರ್ಷಕ್ಕೆ 84,000. ತಿಂಗಳಿಗೆ 7,000 ಬಾಡಿಗೆ ಕೊಡ್ತಿದ್ದೀರಿ, ಕಣ್ಣಿಗೆ ಕಾಣದ ಹಾಗೆ. ಸಾಲ ಮಾಡಿ ಕೊಟ್ಟಿದ್ರೆ ಇನ್ನೂ ಜಾಸ್ತಿ. ಇಲ್ಲಿ ಬಹಳ ಜನ ಚೊನ್ಸೆ ಕಟ್ಟೋಕೆ ಬ್ಯಾಂಕ್ ಸಾಲಾನೇ ಮಾಡ್ತಾರೆ.

ಸಿಂಗಾಪುರದಲ್ಲಿರೋ ನನ್ನ ಫ್ರೆಂಡ್‌ದು ಇನ್ನೊಂದು ಥರ. ಎಚ್‌ಡಿಬಿ (ಅಲ್ಲಿನ ಸರ್ಕಾರಿ ವಸತಿ ಮಂಡಳಿ) ಫ್ಲಾಟ್, 99 ವರ್ಷದ ಲೀಸ್, ಕಂತು ಸಿಪಿಎಫ್ (ನಮ್ಮ ಪಿಎಫ್ ಥರದ್ದು) ಖಾತೆಯಿಂದ ನೇರ ಕಟ್ ಆಗುತ್ತೆ. ಸಂಬಳ ಕೈಗೆ ಬರೋ ಮೊದಲೇ ಮನೆ ಖರ್ಚು ಮುಗಿದಿರುತ್ತೆ. ಕೇಳಿದ್ರೆ "ನನಗೆ ಮನೆ ಖರ್ಚೇ ಇಲ್ಲ" ಅಂತಾನೆ ಪುಣ್ಯಾತ್ಮ.

---

ಎರಡನೇಮಹಡಿ:

ಎಲ್ಲರಿಗೂ ಥ್ಯಾಂಕ್ಸ್. ಭಾವನಿಗೆ ಬರೆದಿದ್ದು ಇಷ್ಟು: "ನಿಮ್ಮ 33ರಿಂದ ಸೋಫಾ, ಸೋಪಿನ ಪುಡಿ, ಬೇಬಿಸಿಟ್ಟರ್ ತೆಗೀರಿ. ನಮ್ಮ ಆರೂವರೆಯಿಂದ ಸ್ವಂತ ಮನೆಯೋರನ್ನ ತೆಗೀರಿ. ಆಮೇಲೆ ಬಾಡಿಗೆದಾರರನ್ನ ಬಾಡಿಗೆದಾರರ ಜೊತೆ ಹೋಲಿಸೋಣ." ಕೈಗೆ ಬರೋ ಸಂಬಳಕ್ಕೆ ನಮ್ಮದು ನೂರಕ್ಕೆ 28. ತಿಂಗಳಿಗೆ 18,000 ಆರ್‌ಡಿ, ಚೀಟಿಗೆ ಹೋಗುತ್ತೆ, ಅದು ಬಿಟ್ಟು ಖರ್ಚಾಗೋದರ ಮೇಲೆ ಹಾಕಿದ್ರೆ 35ಕ್ಕೆ ಬಂತು. ಭಾವ ಇನ್ನೂ ಉತ್ತರ ಕೊಟ್ಟಿಲ್ಲ, ಅಕ್ಕ ಮಾತ್ರ ಥಂಬ್ಸ್ ಅಪ್ ಹಾಕಿದಾಳೆ.

ಸುವೊನ್ ಅವರೇ, ನಿಮ್ಮ ಹತ್ರ ಒಂದು ಮಾತು. ಓನರ್ ಆಂಟಿ ಮೊನ್ನೆ "ಬಾಡಿಗೆ ಬಿಟ್ಟು ಲೀಸ್ ಮಾಡ್ಕೊಳ್ಳಿ, ಹದಿನೆಂಟು ಲಕ್ಷ ಕೊಡಿ, ಮೂರು ವರ್ಷ ಆರಾಮಾಗಿರಿ" ಅಂತ ಹೇಳಿದ್ರು. ಶೇ. 7 ಅಂತ ಲೆಕ್ಕ ಹಾಕಿದ್ರೆ ತಿಂಗಳಿಗೆ 10,500. ನಾವು ಕೊಡ್ತಿರೋ ಬಾಡಿಗೆಯ ಅರ್ಧ! ನಮ್ಮನೆಯವರಿಗೆ ಆಗಲೇ ಆಸೆ ಹುಟ್ಟಿದೆ.

---

ಸುವೊನ್ ಸಾರು:

ಅರ್ಧ ಬೆಲೆಗೆ ಯಾಕೆ ಕೊಡ್ತಿದಾರೆ ಅನ್ನೋದನ್ನ ಮೊದಲು ಯೋಚಿಸಿ. ಅವರಿಗೆ ಹದಿನೆಂಟು ಲಕ್ಷದ ತುರ್ತು ಏನಿದೆ? ಇಲ್ಲಿ ಇಂಚಾನ್ ಕಡೆ ಒಬ್ಬೊಬ್ಬ ಓನರ್ ಬಾಡಿಗೆದಾರರ ದುಡ್ಡಲ್ಲೇ ಮನೆ ಮೇಲೆ ಮನೆ ಕೊಂಡು, ಮನೆ ರೇಟ್ ಬಿದ್ದಾಗ ವಾಪಸ್ ಕೊಡೋಕಾಗದೆ ಕೈಯೆತ್ತಿದ್ರು. ಎಷ್ಟೋ ಸಂಸಾರ ಬೀದಿಗೆ ಬಂತು. ಸಂತ್ರಸ್ತರಿಗೆ ಅಂತಾನೇ 2023ರ ಜೂನ್‌ನಲ್ಲಿ ವಿಶೇಷ ಕಾನೂನು ಮಾಡಬೇಕಾಯ್ತು. ಇಲ್ಲಿ ಮನೆ ಸೇರಿದ ತಕ್ಷಣ ವಿಳಾಸ ನೋಂದಾಯಿಸಿ ಕರಾರಿನ ಮೇಲೆ ತಾರೀಖಿನ ಮೊಹರು ಹಾಕಿಸ್ತೀವಿ. ಆಮೇಲೆ ಬರೋ ಸಾಲಗಾರರಿಗಿಂತ ನಮ್ಮ ಹಕ್ಕು ಮುಂದೆ ನಿಲ್ಲುತ್ತೆ. ಬೆಂಗಳೂರಲ್ಲಿ ಬರೀ ಸ್ಟ್ಯಾಂಪ್ ಪೇಪರಲ್ಲಿ ಬರೆದು ನೋಟರಿ ಮಾಡಿಸಿದ್ರೆ ಅಷ್ಟೊಂದು ಬಲ ಇರುತ್ತಾ, ಹಿರಿಯರು ಹೇಳ್ಬೇಕು.

---

ಫಾರಂ ತುಂಬಿದವ:

ಇರುವುದಿಲ್ಲ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರು ನೋಂದಣಿ ಆಗಲೇಬೇಕು. ಅದನ್ನು ತಪ್ಪಿಸಲೆಂದೇ ಎಲ್ಲರೂ ಹನ್ನೊಂದು ತಿಂಗಳು ಎಂದು ಬರೆಯುವುದು. ಮೂರು ವರ್ಷದ ಲೀಸು, ಹದಿನೆಂಟು ಲಕ್ಷ ಎಂದರೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಮಾಡಿಸಿಕೊಳ್ಳಿ, ಸ್ಟ್ಯಾಂಪ್ ಖರ್ಚು ಯಾರದು ಎಂದು ಮೊದಲೇ ಮಾತಾಡಿಕೊಳ್ಳಿ. ಅದಕ್ಕೂ ಮುಂಚೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಆ ಮನೆಯ ಇಸಿ, ಅಂದರೆ ಋಣಭಾರ ಪತ್ರ, ತೆಗೆಸಿ, ಮೇಲೆ ಸಾಲ ಇದೆಯೇ ನೋಡಿ. ಮನೆ ಯಾರ ಹೆಸರಿನಲ್ಲಿದೆ, ಆಂಟಿಯದೋ, ಅಣ್ಣತಮ್ಮಂದಿರ ಜಂಟಿಯೋ ಅದನ್ನೂ ನೋಡಿ. ದುಡ್ಡು ನಗದಾಗಿ ಕೊಡಬೇಡಿ, ಬ್ಯಾಂಕಿನ ಮೂಲಕವೇ ಹೋಗಲಿ.

ಮೂಲ ಕ್ರಯಪತ್ರ ತೋರಿಸಿ ಎಂದು ಕೇಳಿ. ಜೆರಾಕ್ಸ್ ತಂದು ಕೊಟ್ಟರೆ, ಮೂಲ ಎಲ್ಲಿದೆ ಎಂದು ಕೇಳಿ.